ಮೂಲ ಭಂಡಾರವೂ ಊರಿನ ಕವಲುಗಳೂ

ಒಂದು ಗ್ರಂಥ ಒಬ್ಬನ ಬಳಿ ಒಂದೇ ಪ್ರತಿಯಾಗಿ ಇರುವವರೆಗೆ ಅದರ ಪಾಠದ ವಿಷಯದಲ್ಲಿ ಜಿಜ್ಞಾಸೆ ಹುಟ್ಟುವುದಿಲ್ಲ. ಎರಡನೆಯ ಪ್ರತಿ ಸಿದ್ಧವಾಗಿ ಮತ್ತೊಂದು ಊರಿಗೆ ಹೋಯಿತೆಂದರೆ ಅಲ್ಲಿಂದ ಎರಡರ ದಾರಿಯೂ ಬೇರೆಯಾಗುತ್ತದೆ. ಇಲ್ಲಿಯವನು ಒಂದು ಸಾಲನ್ನು ತಿದ್ದುತ್ತಾನೆ; ಅಲ್ಲಿಯವನು ಎರಡು ಸಾಲುಗಳನ್ನು ಸೇರಿಸುತ್ತಾನೆ. ಹತ್ತು ವರ್ಷಗಳ ತರುವಾಯ ಎರಡನ್ನೂ ಎದುರುಬದುರು ಇಟ್ಟು ನೋಡಿದವನಿಗೆ ಯಾವುದು ಮೂಲ, ಯಾವುದು ತಿದ್ದುಪಡಿ, ಯಾವುದು ಕೈತಪ್ಪು ಎಂಬುದು ತಿಳಿಯದೆ ಹೋಗುತ್ತದೆ. ಈ ಸಮಸ್ಯೆ ತಾಳೆಗರಿಯಷ್ಟು ಹಳೆಯದು. ಗಣಕಯಂತ್ರ ಬಂದ ಮೇಲೆ ಇದು ಪರಿಹಾರವಾಯಿತೆಂದು ಹಲವರು ಭಾವಿಸಿದ್ದಾರೆ. ವಾಸ್ತವವಾಗಿ ಪ್ರತಿ ಮಾಡುವುದು ಕ್ಷಣಮಾತ್ರದ ಕೆಲಸವಾದುದರಿಂದ ಸಮಸ್ಯೆ ಇಮ್ಮಡಿಸಿದೆ. ಪರಿಹಾರದ ವಿದ್ಯೆ ಬೇರೆಯೇ ಇದೆ, ಅದನ್ನು ಕಲಿಯಬೇಕು. ಪ್ರಕೃತ ಲೇಖನದಲ್ಲಿ ಆ ವಿದ್ಯೆಯ ಒಂದು ಭಾಗವನ್ನು, ಎಂದರೆ ತನ್ನ ಬಳಿಯ ಕವಲನ್ನು ಎಲ್ಲರಿಗೂ ಸೇರಿದ ಭಂಡಾರದೊಡನೆ ಹೊಂದಿಸಿಕೊಂಡು ಹೋಗುವ ಕ್ರಮವನ್ನು, ನಮ್ಮ ವಿದ್ಯಾರ್ಥಿಗಳಿಗೆ ತಿಳಿಯುವಂತೆ ವಿವರಿಸಲು ಪ್ರಯತ್ನಿಸಿದೆ.

ಮೊದಲಿಗೆ ನಮ್ಮದೇ ಸಾಹಿತ್ಯದ ಒಂದು ನಿದರ್ಶನವನ್ನು ನೋಡಬಹುದು. ಉಮರ್ಗಾದ ನೆರೆಯಲ್ಲಿರುವ ಕಲ್ಯಾಣದ ಶರಣರ ಸಂವಾದವನ್ನು ಹೆಣೆದು ಕಟ್ಟಿದ ಶೂನ್ಯಸಂಪಾದನೆ ನಮಗೆ ಒಂದಾಗಿ ದೊರೆತಿಲ್ಲ, ನಾಲ್ಕಾಗಿ ದೊರೆತಿದೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ಒಬ್ಬರಾದ ಮೇಲೊಬ್ಬರು ಅದನ್ನೇ ಮುಂದಿಟ್ಟುಕೊಂಡು ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯ ಪ್ರಸಂಗ ಈ ನಾಲ್ಕರಲ್ಲಿ ಒಂದೇ ತೆರನಾಗಿಲ್ಲ. ವಿದ್ವಾಂಸರು ಇದನ್ನು ದೀರ್ಘವಾಗಿ ಚರ್ಚಿಸಿದ್ದಾರೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ನಾಲ್ವರೂ ಪ್ರಾಮಾಣಿಕರು, ನಾಲ್ವರೂ ಪಂಡಿತರು. ಅದಾಗ್ಯೂ ಪಾಠ ಕವಲೊಡೆಯಿತು. ಕವಲೊಡೆಯುವುದು ದೋಷವಲ್ಲ. ಕವಲುಗಳ ಸಂಬಂಧ ಕಡಿದುಹೋಗುವುದು ದೋಷ.

ಕಡಿದ ಸಂಬಂಧವನ್ನು ಮತ್ತೆ ಕೂಡಿಸುವ ಶ್ರಮ ಎಷ್ಟೆಂಬುದು ಫ. ಗು. ಹಳಕಟ್ಟಿಯವರ ಜೀವನದಿಂದ ತಿಳಿಯುತ್ತದೆ. ಅವರು ಮನೆಮನೆಗೆ, ಮಠಮಠಕ್ಕೆ ಅಲೆದು ತಾಳೆಗರಿಗಳನ್ನು ಕೂಡಿಹಾಕಿ, ಒಂದರೊಡನೆ ಒಂದನ್ನು ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅಲ್ಲಿಂದ ಎಪ್ಪತ್ತು ವರ್ಷಗಳ ಮೇಲೆ, 1993ರಲ್ಲಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು ಹದಿನೈದು ಸಂಪುಟಗಳಲ್ಲಿ ಹೊರತಂದಿತು. ನಮ್ಮ ರಾಜ್ಯದ ಪುಣೆಯಲ್ಲಿ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು 1919ರಲ್ಲಿ ಕೈಗೆತ್ತಿಕೊಂಡು 1966ರಲ್ಲಿ ಮುಗಿಸಿತು. ಅದಕ್ಕಾಗಿ 1259 ಹಸ್ತಪ್ರತಿಗಳನ್ನು ಪರಿಶೀಲಿಸಲಾಯಿತೆಂದು ಆ ಸಂಸ್ಥೆ ಹೇಳುತ್ತದೆ. ಪ್ರತಿಗಳು ಪರಸ್ಪರ ಸಂಪರ್ಕವಿಲ್ಲದೆ ಶತಮಾನಗಳ ಕಾಲ ಬೆಳೆದರೆ ಅವನ್ನು ಒಂದುಗೂಡಿಸಲು ಒಂದು ತಲೆಮಾರಿನ ವಿದ್ವಾಂಸರ ಆಯುಷ್ಯವೇ ಬೇಕಾಗುತ್ತದೆ. ದಿನಕ್ಕೊಮ್ಮೆ ಹೊಂದಿಸಿಕೊಂಡರೆ ಐದು ನಿಮಿಷ ಸಾಕು.

ಗಣಕಯಂತ್ರದಲ್ಲಿ ಈ ವಿದ್ಯೆ

ಗಣಕಗಳಿಗೆ ಆದೇಶಗಳನ್ನು ಬರೆಯುವವರು ಈ ತೊಂದರೆಯನ್ನು ಬಹಳ ಹಿಂದೆಯೇ ಅನುಭವಿಸಿದರು. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು ಒಂದು ಕಡತದ ಎಲ್ಲ ಅವಸ್ಥೆಗಳನ್ನೂ ಕಾಪಾಡುವ ವ್ಯವಸ್ಥೆಯೊಂದನ್ನು ರಚಿಸಿದರು. 1982ರಲ್ಲಿ ವಾಲ್ಟರ್ ಟಿಷಿ ಅವರ ಆರ್‌ಸಿಎಸ್, ಆಮೇಲೆ ಸಿವಿಎಸ್, 2000ದಲ್ಲಿ ಆರಂಭವಾದ ಸಬ್‌ವರ್ಶನ್ ಹೀಗೆ ಪರಂಪರೆ ಬೆಳೆಯಿತು. ಇವುಗಳಲ್ಲಿ ಕೊನೆಯ ಎರಡಕ್ಕೆ ಒಂದು ಕೇಂದ್ರ ಬೇಕಾಗಿತ್ತು. ಕೇಂದ್ರದ ಯಂತ್ರದೊಡನೆ ಸಂಪರ್ಕವಿಲ್ಲದಿದ್ದರೆ ತಿದ್ದುಪಡಿಯನ್ನು ದಾಖಲಿಸುವಂತಿರಲಿಲ್ಲ. 2005ರ ಏಪ್ರಿಲ್‌ನಲ್ಲಿ ಲೈನಕ್ಸ್‌ನ ಕರ್ತೃ ಲೈನಸ್ ಟೋರ್ವಾಲ್ಡ್ಸ್ ಅವರು ಗಿಟ್ ಎಂಬುದನ್ನು ಬರೆದಾಗ ಕ್ರಮವೇ ಬದಲಾಯಿತು. ಅಲ್ಲಿಯವರೆಗೆ ಲೈನಕ್ಸ್ ಬಳಗ ಉಪಯೋಗಿಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಉಚಿತ ಅನುಮತಿ ರದ್ದಾದುದೇ ಇದಕ್ಕೆ ನಿಮಿತ್ತ. ಗಿಟ್‌ನಲ್ಲಿ ಪ್ರತಿಯೊಬ್ಬನ ಯಂತ್ರದಲ್ಲಿಯೂ ಇಡೀ ಇತಿಹಾಸವಿರುತ್ತದೆ. ವಿದ್ಯುತ್ತು ಬಂದಾಗ ಕೆಲಸ ಮಾಡಿ, ಸಂಪರ್ಕ ಸಿಕ್ಕಾಗ ಹೊಂದಿಸಿಕೊಳ್ಳುವ ನಮ್ಮಂಥ ಊರುಗಳವರಿಗೆ ಇದು ಹೇಳಿ ಮಾಡಿಸಿದಂತಿದೆ.

ಉದಾಹರಣೆಗಾಗಿ ಹೀಗೊಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಉಮರ್ಗಾದ ಒಬ್ಬರು, ನಿಲಂಗಾದ ಒಬ್ಬರು, ಉದಗೀರದ ಒಬ್ಬರು, ಹೀಗೆ ಮೂವರು ಶಿಕ್ಷಕರು ಕೂಡಿ ಈ ಭಾಗದ ಒಕ್ಕಲುತನದ ಕನ್ನಡ ಪದಗಳ ಕೋಶವನ್ನು ಸಿದ್ಧಪಡಿಸುತ್ತಿದ್ದಾರೆ. ಎಲ್ಲರಿಗೂ ಸೇರಿದ ಒಂದು ಭಂಡಾರ ಅಂತರಜಾಲದಲ್ಲಿ ಯಾವುದೋ ಒಂದು ಯಂತ್ರದಲ್ಲಿದೆ. ಅದರ ಪೂರ್ಣ ಪ್ರತಿಯೊಂದು ಮೂವರ ಬಳಿಯೂ ಇದೆ. ಅಂತರಜಾಲದಲ್ಲಿರುವ ಆ ಭಂಡಾರವನ್ನು ಗಿಟ್ ರೂಢಿಯಲ್ಲಿ ಓರಿಜಿನ್ ಎಂದು ಕರೆಯುತ್ತದೆ. ಎಲ್ಲರೂ ಒಪ್ಪಿದ ಪಾಠವಿರುವ ಮುಖ್ಯ ಕವಲಿಗೆ ಮೇನ್ ಎಂದು ಹೆಸರು. ಹಳೆಯ ಭಂಡಾರಗಳಲ್ಲಿ ಮಾಸ್ಟರ್ ಎಂದಿರುತ್ತದೆ. ಒಂದು ತಿದ್ದುಪಡಿಯನ್ನು ಕಾರಣಸಹಿತವಾಗಿ ಬರೆದಿಡುವುದಕ್ಕೆ ಕಮಿಟ್ ಎನ್ನುತ್ತಾರೆ. ಇಲ್ಲಿ ಅದನ್ನು ದಾಖಲೆ ಎಂದು ಕರೆಯೋಣ. ಪ್ರತಿ ದಾಖಲೆಗೂ ಅದರ ಪಾಠ, ಕರ್ತೃ, ಕಾಲ, ಹಿಂದಿನ ದಾಖಲೆ ಇವೆಲ್ಲವನ್ನೂ ಗಣಿಸಿ ಹುಟ್ಟಿಸಿದ ನಲವತ್ತು ಅಕ್ಷರಗಳ ಒಂದು ಗುರುತು ಇರುತ್ತದೆ. ಇವುಗಳಲ್ಲಿ ಒಂದು ಬದಲಾದರೂ ಗುರುತು ಬೇರೆಯಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದರೂ ಯಂತ್ರಕ್ಕೆ ರೋಮನ್ ಲಿಪಿಯಲ್ಲಿಯೇ ಕೊಡತಕ್ಕದ್ದು ಎಂದು ಬೇರೆ ಹೇಳಬೇಕಾಗಿಲ್ಲ.

ಮೂರು ವಸ್ತುಗಳು, ಎರಡಲ್ಲ

ಹೊಸದಾಗಿ ಕಲಿಯುವವರು ತೊಡಕಿಗೆ ಸಿಕ್ಕಿಕೊಳ್ಳುವುದು ಬಹುತೇಕ ಒಂದೇ ಸ್ಥಳದಲ್ಲಿ. ತಮ್ಮ ಬಳಿ ಒಂದು ಕವಲಿದೆ, ದೂರದಲ್ಲಿ ಒಂದು ಭಂಡಾರವಿದೆ, ಇವೆರಡನ್ನು ಹೊಂದಿಸಬೇಕು ಎಂದು ಅವರು ತಿಳಿಯುತ್ತಾರೆ. ನಿಜವಾಗಿ ವಸ್ತುಗಳು ಮೂರು. ಮೊದಲನೆಯದು, ದೂರದ ಭಂಡಾರದಲ್ಲಿ ಈ ಕ್ಷಣದಲ್ಲಿರುವ ಮುಖ್ಯ ಕವಲು. ಎರಡನೆಯದು, ನಾನು ಕೆಲಸ ಮಾಡುತ್ತಿರುವ ನನ್ನ ಕವಲು. ಮೂರನೆಯದು, ದೂರದ ಭಂಡಾರ ಕಳೆದ ಸಲ ಹೇಗಿತ್ತು ಎಂಬುದರ ಬಗ್ಗೆ ನನ್ನ ಯಂತ್ರದಲ್ಲಿರುವ ನೆನಪು. ಈ ಮೂರನೆಯದನ್ನು ಗಿಟ್ ಓರಿಜಿನ್/ಮೇನ್ ಎಂಬ ಹೆಸರಿನಲ್ಲಿ ಇಟ್ಟುಕೊಂಡಿರುತ್ತದೆ. ಹೆಸರಿನಲ್ಲಿ ಓರಿಜಿನ್ ಎಂದಿದ್ದರೂ ಅದು ನಮ್ಮ ಮನೆಯಲ್ಲಿರುವ ವಸ್ತುವೇ. ಪರವೂರಿನ ಬಂಧುವಿನಿಂದ ಬಂದ ಕೊನೆಯ ಕಾಗದದಂತೆ ಅದು. ಕಾಗದದಲ್ಲಿ ಬರೆದಂತೆ ಅವರು ಇಂದೂ ಇದ್ದಾರೆಂದು ಹೇಳಲಾಗದು.

ಇದನ್ನು ಮನಗಂಡರೆ ಗಿಟ್ ಸ್ಟೇಟಸ್ ಎಂಬ ಆಜ್ಞೆಯ ಉತ್ತರದಿಂದ ಮೋಸಹೋಗುವ ಸಂಭವವಿಲ್ಲ. ನಿಮ್ಮ ಕವಲು ಓರಿಜಿನ್/ಮೇನ್‌ಗೆ ಸರಿಸಮಾನವಾಗಿದೆ ಎಂದು ಅದು ಹೇಳಿದಾಗ ಅನೇಕರು ನಿಶ್ಚಿಂತರಾಗುತ್ತಾರೆ. ಆ ಹೋಲಿಕೆ ನಡೆದಿರುವುದು ನಮ್ಮ ಮನೆಯ ನೆನಪಿನೊಡನೆ, ದೂರದ ಭಂಡಾರದೊಡನೆ ಅಲ್ಲ. ನೆನಪು ಹದಿನೈದು ದಿನಗಳಷ್ಟು ಹಳೆಯದಾಗಿದ್ದರೆ ಆ ಸಮಾನತೆಗೆ ಬೆಲೆಯಿಲ್ಲ. ನೆನಪನ್ನು ಹೊಸದು ಮಾಡಿಕೊಳ್ಳುವ ಆಜ್ಞೆ ಗಿಟ್ ಫೆಚ್. ಅದು ದೂರದ ಭಂಡಾರದಲ್ಲಿ ಸೇರಿರುವ ದಾಖಲೆಗಳನ್ನು ತಂದು ಓರಿಜಿನ್/ಮೇನ್ ಎಂಬ ಗುರುತನ್ನು ಮುಂದಕ್ಕೆ ಸರಿಸುತ್ತದೆ. ನಮ್ಮ ಕವಲನ್ನೂ ನಾವು ತೆರೆದಿಟ್ಟ ಕಡತಗಳನ್ನೂ ಮುಟ್ಟುವುದಿಲ್ಲ. ಆದುದರಿಂದ ಫೆಚ್ ಮಾಡಲು ಎಂದೂ ಹಿಂಜರಿಯಬೇಕಾಗಿಲ್ಲ. ದಿನಕ್ಕೆ ಹತ್ತು ಬಾರಿ ಮಾಡಿದರೂ ಹಾನಿಯಿಲ್ಲ. ಗಿಟ್ ಪುಲ್ ಎಂಬುದು ಬೇರೆ. ಅದು ಫೆಚ್ ಮಾಡಿ, ತಡಮಾಡದೆ ಬಂದುದನ್ನು ನಮ್ಮ ಕವಲಿನಲ್ಲಿ ಕಲಸಿಬಿಡುತ್ತದೆ. ಅನುಭವಿಗಳಿಗೆ ಇದು ಅನುಕೂಲ. ಕಲಿಯುವವರು ಮೊದಲ ಆರು ತಿಂಗಳು ಪುಲ್ ಎಂಬ ಆಜ್ಞೆಯನ್ನು ಮರೆತಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಫೆಚ್ ಮಾಡಿ, ಬಂದುದನ್ನು ಗಿಟ್ ಲಾಗ್‌ನಿಂದ ಓದಿ ನೋಡಿ, ಆಮೇಲೆ ಕೂಡಿಸಬೇಕು. ಬಂದ ಕಾಗದವನ್ನು ಓದದೆ ಕಟ್ಟಿಗೆ ಸೇರಿಸುವವರು ಯಾರೂ ಇಲ್ಲ.

ಕೂಡಿಸುವಾಗ ಎರಡು ಬಗೆಯ ಸನ್ನಿವೇಶಗಳು ಎದುರಾಗುತ್ತವೆ. ನಿಲಂಗಾದವರು ಈ ನಡುವೆ ಏನನ್ನೂ ಬರೆದಿಲ್ಲ, ಉದಗೀರದವರು ಮೂರು ದಾಖಲೆಗಳನ್ನು ಸೇರಿಸಿದ್ದಾರೆ ಎಂದಾದರೆ, ನಿಲಂಗಾದ ಕವಲಿನ ಗುರುತನ್ನು ಮೂರು ಹೆಜ್ಜೆ ಮುಂದಿಟ್ಟರೆ ಕೆಲಸ ಮುಗಿಯಿತು. ಇದಕ್ಕೆ ಫಾಸ್ಟ್ ಫಾರ್ವರ್ಡ್ ಎಂದು ಹೆಸರು. ಇಲ್ಲಿ ಹೇಳುವುದೇನೂ ಇಲ್ಲ. ಇಬ್ಬರೂ ಬರೆದಿದ್ದರೆ ಮಾತ್ರ ನಿಜವಾದ ವಿಲೀನ, ಎಂದರೆ ಮರ್ಜ್, ಅಗತ್ಯವಾಗುತ್ತದೆ.

ಪೂರ್ವಜನ ಮಹತ್ವ

ಎರಡು ಪ್ರತಿಗಳನ್ನು ಹೋಲಿಸುವಾಗ ಒಂದರಲ್ಲಿ ಒಂದು ವಚನವಿದೆ, ಇನ್ನೊಂದರಲ್ಲಿ ಇಲ್ಲ ಎಂದಿಟ್ಟುಕೊಳ್ಳೋಣ. ಮೊದಲನೆಯವನು ಅದನ್ನು ಸೇರಿಸಿದನೋ, ಎರಡನೆಯವನು ಅದನ್ನು ಬಿಟ್ಟನೋ? ಪ್ರಕ್ಷಿಪ್ತವೋ, ಲುಪ್ತವೋ? ಎರಡೇ ಪ್ರತಿಗಳಿಂದ ಇದನ್ನು ಎಂದಿಗೂ ನಿರ್ಣಯಿಸಲಾಗದು. ಇವೆರಡಕ್ಕೂ ಮೂಲವಾದ ಮೂರನೆಯ ಪ್ರತಿ ಸಿಕ್ಕರೆ ಮರುಕ್ಷಣದಲ್ಲಿ ನಿರ್ಣಯವಾಗುತ್ತದೆ. ಮೂಲದಲ್ಲಿ ವಚನವಿದ್ದರೆ ಎರಡನೆಯವನು ಬಿಟ್ಟಿದ್ದಾನೆ. ಇಲ್ಲದಿದ್ದರೆ ಮೊದಲನೆಯವನು ಸೇರಿಸಿದ್ದಾನೆ. ಹಸ್ತಪ್ರತಿ ಶಾಸ್ತ್ರದ ವಿದ್ವಾಂಸರು ಪ್ರತಿಗಳ ವಂಶವೃಕ್ಷವನ್ನು ರಚಿಸಿ, ಕಳೆದುಹೋದ ಮೂಲವನ್ನು ಊಹೆಯಿಂದ ಕಟ್ಟಲು ಶ್ರಮಿಸುವುದು ಇದಕ್ಕಾಗಿಯೇ. ಗಿಟ್‌ನ ಹಿರಿಮೆಯೆಂದರೆ ಅದು ಆ ಪೂರ್ವಜನನ್ನು ಕಳೆದುಕೊಳ್ಳುವುದೇ ಇಲ್ಲ. ಪ್ರತಿ ದಾಖಲೆಯೂ ತನ್ನ ತಂದೆ ಯಾರೆಂಬುದನ್ನು ಹೇಳುವುದರಿಂದ, ಎರಡು ಕವಲುಗಳು ಎಲ್ಲಿಂದ ಬೇರೆಯಾದವೆಂಬುದನ್ನು ಅದು ಹಿಂದಕ್ಕೆ ನಡೆದು ಕಂಡುಹಿಡಿಯುತ್ತದೆ. ಆ ಮೂಲಕ್ಕೆ ಹೋಲಿಸಿದಾಗ ಒಬ್ಬನೇ ತಿದ್ದಿದ ಸ್ಥಳದಲ್ಲಿ ಅವನ ತಿದ್ದುಪಡಿಯನ್ನು ಸ್ವೀಕರಿಸುತ್ತದೆ. ಇಬ್ಬರೂ ಒಂದೇ ಸ್ಥಳವನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ತಾನು ನಿರ್ಣಯಿಸದೆ ನಿಂತು ಮನುಷ್ಯನನ್ನು ಕರೆಯುತ್ತದೆ. ಇದನ್ನು ಕಾನ್‌ಫ್ಲಿಕ್ಟ್ ಎನ್ನುತ್ತಾರೆ, ಪಾಠಸಂಘರ್ಷ ಎನ್ನಬಹುದು.

ನಮ್ಮ ಪದಕೋಶದಲ್ಲಿ ಮೂಲತಃ "ಕೂರಿಗೆ: ಬಿತ್ತುವ ಸಾಧನ" ಎಂಬ ಸಾಲಿತ್ತೆನ್ನೋಣ. ನಿಲಂಗಾದವರು ಅದನ್ನು "ಕೂರಿಗೆ: ಬಿತ್ತುವ ಸಾಧನ, ತಿಫಣ ಎಂದೂ ಹೇಳುವರು" ಎಂದು ಮಾಡಿದರು. ಉದಗೀರದವರು ಅದೇ ಸಾಲನ್ನು "ಕೂರಿಗೆ: ಬೀಜ ಬಿತ್ತುವ ಸಾಧನ, ತಾಳುಗಳ ಸಂಖ್ಯೆ ಎರಡು, ಮೂರು ಅಥವಾ ನಾಲ್ಕು" ಎಂದು ಮಾಡಿದರು. ವಿಲೀನದ ವೇಳೆಗೆ ಗಿಟ್ ಕಡತದೊಳಗೆ ಏಳು ಏಳು ಚಿಹ್ನೆಗಳ ಗೆರೆಗಳನ್ನು ಎಳೆದು ಎರಡೂ ಪಾಠಗಳನ್ನು ಮೇಲೆ ಕೆಳಗೆ ಇಟ್ಟು ನಿಲ್ಲುತ್ತದೆ. ಗಾಬರಿಯಾದವರು ಇಲ್ಲಿ ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಿ ಕೈತೊಳೆದುಕೊಳ್ಳುತ್ತಾರೆ. ಅದು ವಿಲೀನವಲ್ಲ, ಒಬ್ಬರ ದುಡಿಮೆಯನ್ನು ಕಸಕ್ಕೆ ಹಾಕಿದಂತೆ. ವಿಚಾರ ಮಾಡಿ ನೋಡಿದರೆ ಮರಾಠಿಯ ತಿಫಣ ಎಂಬ ಶಬ್ದದಲ್ಲಿಯೇ ಮೂರು ಎಂಬ ಸಂಖ್ಯೆ ಅಡಗಿದೆ. ಆದುದರಿಂದ ಎರಡು ಪಾಠಗಳೂ ಒಂದನ್ನೊಂದು ಪೂರೈಸುತ್ತವೆ. "ಕೂರಿಗೆ: ಬೀಜ ಬಿತ್ತುವ ಸಾಧನ, ಎರಡು, ಮೂರು ಅಥವಾ ನಾಲ್ಕು ತಾಳಿನದು, ಮೂರು ತಾಳಿನದಕ್ಕೆ ಈ ಭಾಗದಲ್ಲಿ ತಿಫಣ ಎಂಬ ಮರಾಠಿ ಹೆಸರೂ ಉಂಟು" ಎಂದು ಬರೆದರೆ ಇಬ್ಬರ ಪಾಠಕ್ಕಿಂತಲೂ ಉತ್ತಮವಾದ ಮೂರನೆಯ ಪಾಠ ದೊರೆಯುತ್ತದೆ. ಇದನ್ನು ಯಂತ್ರ ಮಾಡಲಾರದು. ಹೊಲವನ್ನು ಬಲ್ಲವನೇ ಮಾಡಬೇಕು. ಸಂಘರ್ಷದ ಸ್ಥಳದಲ್ಲಿ ಮೂಲಪಾಠವೂ ಕಾಣಿಸುವಂತೆ ಮಾಡುವ ಒಂದು ಶೈಲಿ ಗಿಟ್‌ನಲ್ಲಿದೆ. ಅದರ ಹೆಸರು ಡಿಫ್‌ತ್ರೀ. ಅದನ್ನು ಮೊದಲ ದಿನವೇ ನಿಯಮಿಸಿಕೊಳ್ಳುವುದು ಲೇಸು. ಮೂಲ ಕಾಣದೆ ಸಂಘರ್ಷವನ್ನು ಬಿಡಿಸುವುದು ಕಣ್ಣು ಕಟ್ಟಿಕೊಂಡು ಬಿತ್ತಿದಂತೆ.

ಇದಕ್ಕಿಂತ ಹೆಚ್ಚು ಅಪಾಯಕರವಾದುದು ಗಿಟ್ ತಕರಾರಿಲ್ಲದೆ ಮುಗಿಸಿದ ವಿಲೀನ. ಉಮರ್ಗಾದವರು ಒಂದು ಕಡತದಲ್ಲಿ "ತಿಫಣ" ಎಂಬ ಮುಖ್ಯಪದವನ್ನು ತೆಗೆದುಹಾಕಿ ಅದರ ವಿವರಣೆಯನ್ನು ಕೂರಿಗೆಯ ಕೆಳಗೆ ಸೇರಿಸಿದರು. ಅದೇ ವೇಳೆಗೆ ಉದಗೀರದವರು ಮತ್ತೊಂದು ಕಡತದಲ್ಲಿ "ತಿಫಣ ಎಂಬ ಪದವನ್ನು ನೋಡಿ" ಎಂದು ಸೂಚನೆ ಬರೆದರು. ಕಡತಗಳು ಬೇರೆಯಾದುದರಿಂದ ಗಿಟ್‌ಗೆ ಸಂಘರ್ಷ ಕಾಣುವುದಿಲ್ಲ. ವಿಲೀನ ನಿರ್ವಿಘ್ನವಾಗಿ ನೆರವೇರಿತೆಂದು ಅದು ವರದಿ ಮಾಡುತ್ತದೆ. ಕೋಶದಲ್ಲಿ ಮಾತ್ರ ಇಲ್ಲದ ಪದವನ್ನು ನೋಡಿರೆಂಬ ಸೂಚನೆ ಉಳಿದುಬಿಡುತ್ತದೆ. ಗಿಟ್ ಅಕ್ಷರಗಳನ್ನು ಹೋಲಿಸುತ್ತದೆ, ಅರ್ಥವನ್ನಲ್ಲ. ಆದುದರಿಂದ ಪ್ರತಿ ವಿಲೀನದ ನಂತರ ಕೂಡಿದ ಪಾಠವನ್ನು ಒಮ್ಮೆ ಓದುವ ಪದ್ಧತಿ ಇರಬೇಕು.

ವಿಲೀನದ ಬದಲು ರಿಬೇಸ್ ಎಂಬ ಇನ್ನೊಂದು ಮಾರ್ಗವುಂಟು. ನಮ್ಮ ಕವಲಿನ ದಾಖಲೆಗಳನ್ನು ಕಿತ್ತು, ಮುಖ್ಯ ಕವಲಿನ ಇಂದಿನ ತುದಿಯ ಮೇಲೆ ಒಂದೊಂದಾಗಿ ಮರುನೆಡುವುದು ಅದರ ಕ್ರಮ. ಇತಿಹಾಸ ಒಂದೇ ನೇರ ಸಾಲಾಗಿ ಕಾಣುವುದರಿಂದ ಓದಲು ಹಿತ. ಆದರೆ ತಂದೆ ಬದಲಾದ ಮಾತ್ರಕ್ಕೆ ದಾಖಲೆಯ ನಲವತ್ತು ಅಕ್ಷರಗಳ ಗುರುತೂ ಬದಲಾಗುತ್ತದೆಂದು ಮೇಲೆ ಹೇಳಿದೆ. ಮರುನೆಟ್ಟ ದಾಖಲೆ ಪಾಠದಲ್ಲಿ ಹಳೆಯದರಂತಿದ್ದರೂ ವ್ಯಕ್ತಿಯಾಗಿ ಹೊಸದು. ಹಳೆಯ ದಾಖಲೆಯನ್ನು ಮತ್ತೊಬ್ಬರು ಆಗಲೇ ಪಡೆದುಕೊಂಡು ಅದರ ಮೇಲೆ ಕೆಲಸ ಮಾಡುತ್ತಿದ್ದರೆ, ಅವರ ಬಳಿ ಹಳೆಯದು, ಭಂಡಾರದಲ್ಲಿ ಹೊಸದು ಎಂದು ಒಂದೇ ತಿದ್ದುಪಡಿ ಎರಡಾಗಿ ಗೊಂದಲವಾಗುತ್ತದೆ. ಆದುದರಿಂದ ಇನ್ನೂ ಯಾರಿಗೂ ಕೊಡದ, ತನ್ನ ಮನೆಯಲ್ಲಿಯೇ ಇರುವ ದಾಖಲೆಗಳನ್ನು ಮಾತ್ರ ರಿಬೇಸ್ ಮಾಡಬೇಕು, ಹಂಚಿಕೊಂಡುದನ್ನು ಮಾಡಬಾರದು. ಸಂಘರ್ಷದ ವೇಳೆ ಗಿಟ್ "ನಮ್ಮದು", "ಅವರದು" ಎಂದು ಕರೆಯುವ ಪಕ್ಷಗಳು ರಿಬೇಸ್‌ನಲ್ಲಿ ಅದಲುಬದಲಾಗಿರುತ್ತವೆ ಎಂಬುದನ್ನೂ ತಿಳಿದಿರಬೇಕು. ಬಲ್ಲವರೂ ಇಲ್ಲಿ ಎಡವಿದ್ದುಂಟು.

ಒಪ್ಪಿಸುವ ಕ್ರಮ

ಹೊಂದಿಸಿಕೊಂಡ ಮೇಲೆ ನಮ್ಮ ದಾಖಲೆಗಳನ್ನು ಭಂಡಾರಕ್ಕೆ ಒಪ್ಪಿಸಬೇಕು. ಅದಕ್ಕೆ ಗಿಟ್ ಪುಶ್ ಎಂಬ ಆಜ್ಞೆಯಿದೆ. ನಾವು ಫೆಚ್ ಮಾಡಿದ ಮೇಲೆ ಪುಶ್ ಮಾಡುವುದರೊಳಗೆ ಮತ್ತೊಬ್ಬರು ಒಪ್ಪಿಸಿಬಿಟ್ಟಿದ್ದರೆ ಭಂಡಾರ ನಮ್ಮ ಪುಶ್ಶನ್ನು ನಿರಾಕರಿಸುತ್ತದೆ. ಇದು ಅವಮಾನವೇನಲ್ಲ. ಮತ್ತೆ ಫೆಚ್ ಮಾಡಿ, ಕೂಡಿಸಿ, ಮತ್ತೆ ಒಪ್ಪಿಸಿದರಾಯಿತು. ಕೆಲವರು ಈ ನಿರಾಕರಣೆಯನ್ನು ಕಂಡು ರೇಗಿ ಫೋರ್ಸ್ ಎಂಬ ಒತ್ತಾಯದ ಸೂಚನೆಯನ್ನು ಸೇರಿಸುತ್ತಾರೆ. ಆಗ ಭಂಡಾರದ ಕವಲಿನಲ್ಲಿ ಮತ್ತೊಬ್ಬರು ಸೇರಿಸಿದುದು ಕಣ್ಮರೆಯಾಗಿ ನಮ್ಮದು ಮಾತ್ರ ಉಳಿಯುತ್ತದೆ. ಅನಿವಾರ್ಯವಾದಲ್ಲಿ ಫೋರ್ಸ್ ವಿತ್ ಲೀಸ್ ಎಂಬ ಸೌಮ್ಯ ರೂಪವನ್ನು ಬಳಸಬಹುದು. ಭಂಡಾರವು ನಮ್ಮ ನೆನಪಿನಲ್ಲಿರುವಂತೆಯೇ ಇದ್ದರೆ ಮಾತ್ರ ಅದು ಮುಂದುವರಿಯುತ್ತದೆ.

ಈ ಶಿಸ್ತು ನಮ್ಮ ಪಾಲಕರಿಗೆ ಹೊಸದಲ್ಲ. ಹೊಲದ ಹಕ್ಕು ಬದಲಾದಾಗ ತಲಾಠಿ ನೇರವಾಗಿ ಸಾತಬಾರಾ ಉತಾರೆಯನ್ನು ತಿದ್ದುವುದಿಲ್ಲ. 1966ರ ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆಯ ಪ್ರಕಾರ ಮೊದಲು ಫೇರಫಾರ ವಹಿಯಲ್ಲಿ ನೋಂದು ಮಾಡಿ, ಸಂಬಂಧಪಟ್ಟವರಿಗೆ ನೋಟೀಸು ಕೊಟ್ಟು, ತಕರಾರು ಬಂದರೆ ಅದನ್ನು ಬೇರೆ ವಹಿಯಲ್ಲಿ ಬರೆದು, ಮಂಡಲ ಅಧಿಕಾರಿ ಪ್ರಮಾಣೀಕರಿಸಿದ ಮೇಲೆಯೇ ಬದಲಾವಣೆ ಉತಾರೆಗೆ ಬರುತ್ತದೆ. ಫೇರಫಾರಕ್ಕೆ ಕ್ರಮಸಂಖ್ಯೆಯುಂಟು, ಆ ಸಂಖ್ಯೆ ಉತಾರೆಯಲ್ಲಿ ಕಾಣುತ್ತದೆ. ಅದನ್ನು ಹಿಡಿದು ಹಿಂದಕ್ಕೆ ಹೋದರೆ ಅಜ್ಜನ ಕಾಲದ ಹಂಚಿಕೆಯವರೆಗೆ ತಲುಪಬಹುದು. ಕೂಡಿ ಕೆಲಸ ಮಾಡುವ ಗಿಟ್ ಬಳಗಗಳಲ್ಲಿಯೂ ಇದೇ ಕ್ರಮ. ಮುಖ್ಯ ಕವಲನ್ನು ಯಾರೂ ನೇರವಾಗಿ ಮುಟ್ಟದೆ, ಒಂದೊಂದು ಕೆಲಸಕ್ಕೆ ಒಂದೊಂದು ಕಿರುಕವಲನ್ನು ತೆಗೆದು, ಅದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಮುಖ್ಯದಲ್ಲಿ ಸೇರಿಸುತ್ತಾರೆ. ಕಿರುಕವಲು ಎಷ್ಟು ಅಲ್ಪಾಯುಷಿಯೋ ಅಷ್ಟು ಒಳ್ಳೆಯದು. ಮೂರು ದಿನದ ಕವಲನ್ನು ಕೂಡಿಸುವುದು ಸುಲಭ. ಮೂರು ತಿಂಗಳದ್ದು ಪ್ರಯಾಸ. ದೀರ್ಘಕಾಲದ ಕೆಲಸವಾದರೆ ಮುಖ್ಯ ಕವಲಿನಲ್ಲಿ ಬಂದುದನ್ನು ಆಗಾಗ ನಮ್ಮ ಕವಲಿಗೆ ತಂದುಕೊಳ್ಳುತ್ತಿರಬೇಕು.

ಅಂತರಜಾಲ ಸಂಪರ್ಕವೇ ಇಲ್ಲದಿದ್ದರೆ? ಅದಕ್ಕೂ ಉಪಾಯವಿದೆ. ಗಿಟ್ ಬಂಡಲ್ ಎಂಬ ಆಜ್ಞೆಯಿಂದ ಬೇಕಾದ ದಾಖಲೆಗಳನ್ನೆಲ್ಲ ಇತಿಹಾಸಸಹಿತವಾಗಿ ಒಂದೇ ಕಡತವಾಗಿ ಕಟ್ಟಬಹುದು. ಆ ಕಡತವನ್ನು ಪೆನ್ ಡ್ರೈವಿನಲ್ಲಿ ಹಾಕಿ ಎಸ್‌ಟಿ ಬಸ್ಸಿನಲ್ಲಿ ಹೋಗುವವರ ಕೈಯಲ್ಲಿ ಉದಗೀರಕ್ಕೆ ಕಳಿಸಿದರೆ, ಅಲ್ಲಿಯವರು ದೂರದ ಭಂಡಾರದಿಂದ ಫೆಚ್ ಮಾಡಿದಂತೆಯೇ ಅದರಿಂದಲೂ ಫೆಚ್ ಮಾಡಬಹುದು. ತಾಳೆಗರಿಯ ಕಟ್ಟು ಹೆಗಲೇರಿ ಹೋಗುತ್ತಿದ್ದ ಕಾಲಕ್ಕೂ ಇದಕ್ಕೂ ವ್ಯತ್ಯಾಸ ಇಷ್ಟೇ: ಈ ಕಟ್ಟಿಗೆ ತನ್ನ ಪೂರ್ವಜರ ಹೆಸರುಗಳು ಗೊತ್ತಿರುತ್ತವೆ.

ಕನ್ನಡಕ್ಕೆ ವಿಶೇಷವಾದ ತೊಡಕುಗಳು

ಇಲ್ಲಿಯವರೆಗೆ ಹೇಳಿದುದು ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ. ಕನ್ನಡ ಪಾಠವನ್ನು ಹೀಗೆ ಕಾಪಾಡುವವರು ಬೇರೆ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಇವು ಪಠ್ಯಪುಸ್ತಕಗಳಲ್ಲಿ ದೊರೆಯುವುದು ಕಡಿಮೆ.

ಗಿಟ್ ವ್ಯತ್ಯಾಸವನ್ನು ಸಾಲು ಸಾಲಾಗಿ ಎಣಿಸುತ್ತದೆ. ಗಣಕದ ದೃಷ್ಟಿಯಲ್ಲಿ ಸಾಲೆಂದರೆ ಎಂಟರ್ ಕೀಲಿಯನ್ನು ಒತ್ತುವವರೆಗಿನ ಭಾಗ. ನಮ್ಮ ಗದ್ಯದ ಒಂದು ಪ್ಯಾರಾ ಪರದೆಯ ಮೇಲೆ ಹತ್ತು ಸಾಲಾಗಿ ಕಂಡರೂ ಗಿಟ್‌ಗೆ ಅದು ಒಂದೇ ಸಾಲು. ಆದುದರಿಂದ ಒಬ್ಬರು ಪ್ಯಾರಾದ ಆದಿಯಲ್ಲಿ, ಇನ್ನೊಬ್ಬರು ಅಂತ್ಯದಲ್ಲಿ ತಿದ್ದಿದರೂ ಸಂಘರ್ಷವೆಂದೇ ಲೆಕ್ಕ. ಒಂದು ವಾಕ್ಯಕ್ಕೆ ಒಂದು ಸಾಲಿನಂತೆ ಬರೆದಿಟ್ಟರೆ ಈ ತೊಂದರೆ ಬಹಳಷ್ಟು ಕಡಿಮೆಯಾಗುತ್ತದೆ.

ಎರಡನೆಯದು ಹೆಚ್ಚು ಸೂಕ್ಷ್ಮ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಕ್ರಮದಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ "ಕೊ" ಎಂಬ ಅಕ್ಷರವನ್ನು ಎರಡು ವಿಧವಾಗಿ ಬರೆಯಲು ಸಾಧ್ಯ. ಕಕಾರಕ್ಕೆ ಒಕಾರದ ಚಿಹ್ನೆಯನ್ನು ಒಂದೇ ಘಟಕವಾಗಿ ಹಚ್ಚುವುದು ಒಂದು. ಎಕಾರದ ಚಿಹ್ನೆ, ಅದರ ಮೇಲೆ ಊಕಾರದ ಚಿಹ್ನೆ ಎಂದು ಎರಡು ಘಟಕಗಳಾಗಿ ಹಚ್ಚುವುದು ಇನ್ನೊಂದು. ರೂಢಿಯ ಯುಟಿಎಫ್-8 ಬರಹದಲ್ಲಿ ಮೊದಲನೆಯದು 6 ಬೈಟು, ಎರಡನೆಯದು 9 ಬೈಟು. ಕಣ್ಣಿಗೆ ಎರಡೂ ಒಂದೇ. ಗಿಟ್ ಬೈಟುಗಳನ್ನೇ ನೋಡುವುದರಿಂದ ಅದಕ್ಕೆ ಇವು ಬೇರೆ ಬೇರೆ. ಎರಡು ಯಂತ್ರಗಳ ಕೀಲಿಮಣೆ ತಂತ್ರಾಂಶಗಳು ಬೇರೆಯಾಗಿದ್ದರೆ ಯಾರೂ ತಿದ್ದದ ಸಾಲು ತಿದ್ದಿದಂತೆ ಕಂಡು, ಇಲ್ಲದ ಸಂಘರ್ಷ ಎದ್ದು ನಿಲ್ಲುತ್ತದೆ. ದಾಖಲಿಸುವ ಮೊದಲು ಎಲ್ಲರೂ ತಮ್ಮ ಪಾಠವನ್ನು ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ಪರಿವರ್ತಿಸುವ ನಿಯಮವನ್ನು ಇಟ್ಟುಕೊಂಡರೆ ಇದು ನಿಲ್ಲುತ್ತದೆ. ಅನುಸ್ವಾರದ ಬದಲಿಗೆ ಕನ್ನಡದ ಸೊನ್ನೆಯ ಅಂಕಿಯನ್ನು ಒತ್ತುವ ಅಭ್ಯಾಸ ಮಾತ್ರ ಈ ಪರಿವರ್ತನೆಯಿಂದಲೂ ಹೋಗುವುದಿಲ್ಲ. ನೋಟದಲ್ಲಿ ಎರಡೂ ದುಂಡಗಿದ್ದರೂ ಅವು ಬೇರೆ ಬೇರೆ ಸಂಕೇತಗಳೆಂದೇ ಯೂನಿಕೋಡ್ ತಿಳಿಯುತ್ತದೆ. ಅದನ್ನು ಹುಡುಕಿ ತಿದ್ದಬೇಕು.

ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಕ್ರಮದಲ್ಲಿ ಬೆರಳಚ್ಚಾದ ಕಡತಗಳು ನಮ್ಮ ಕಡೆಯ ಅನೇಕರ ಬಳಿ ಇನ್ನೂ ಇವೆ. ಅವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಅಕ್ಷರಗಳ ಸಾಲುಗಳೇ. ಅವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಪರಿವರ್ತನೆಯನ್ನು ಒಂದು ಪ್ರತ್ಯೇಕ ದಾಖಲೆಯಾಗಿಯೂ, ಆಮೇಲಿನ ತಿದ್ದುಪಡಿಗಳನ್ನು ಬೇರೆ ದಾಖಲೆಗಳಾಗಿಯೂ ಇಡತಕ್ಕದ್ದು. ಎರಡನ್ನೂ ಒಂದರಲ್ಲಿ ಬೆರೆಸಿದರೆ ಸಾವಿರ ಸಾಲುಗಳ ವ್ಯತ್ಯಾಸದ ನಡುವೆ ನಿಜವಾದ ತಿದ್ದುಪಡಿ ಯಾವುದೆಂದು ಯಾರಿಗೂ ಕಾಣದು. ಕಡತದ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅದನ್ನು ಅಂಕಿಗಳ ಮಾಲೆಯಾಗಿ ತೋರಿಸುವುದುಂಟು. ಕೋಟ್‌ಪಾತ್ ಎಂಬ ನಿಯಮವನ್ನು ಆರಿಸಿದರೆ, ಎಂದರೆ ನಂದಿಸಿದರೆ, ಹೆಸರು ಹೆಸರಾಗಿಯೇ ಕಾಣುತ್ತದೆ.

ಇಷ್ಟೆಲ್ಲ ಶ್ರಮ ಯಾಕೆಂದು ಕೇಳಬಹುದು. ಉದಗೀರ, ನಿಲಂಗಾ ತಾಲೂಕುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಆ ವರ್ಷ ಮುಂಬಯಿ ರಾಜ್ಯದ ಉಸ್ಮಾನಾಬಾದ ಜಿಲ್ಲೆಗೆ ಸೇರಿ, 1960ರಲ್ಲಿ ಮಹಾರಾಷ್ಟ್ರದವಾಗಿ, 1982ರಲ್ಲಿ ಲಾತೂರ ಜಿಲ್ಲೆಯ ಪಾಲಾದವು. ಮನೆಯ ಮಾತು ಕನ್ನಡವಾಗಿ, ಕಚೇರಿಯ ಮಾತು ಮರಾಠಿಯಾಗಿ, ಹಳೆಯ ದಫ್ತರಿನ ಮಾತು ಉರ್ದುವಾಗಿ ಉಳಿದ ಈ ನಾಡಿನಲ್ಲಿ ಒಂದು ಕನ್ನಡ ಬೆಳೆದಿದೆ. ಬೆಂಗಳೂರಿನಲ್ಲಿ ಸಿದ್ಧವಾಗುವ ಕೋಶಗಳಲ್ಲಿ ಅದರ ಎಷ್ಟೋ ಶಬ್ದಗಳು ಕಾಣುವುದಿಲ್ಲ. ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಮಕ್ಕಳು ಓದುವುದು 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಪಠ್ಯಪುಸ್ತಕ ಮಂಡಳದ, ಎಂದರೆ ಬಾಲಭಾರತಿಯ, ಕನ್ನಡ ಪುಸ್ತಕಗಳನ್ನು. ಮುಂದಿನ ವಿದ್ಯಾಭ್ಯಾಸಕ್ಕೆ ಬೀದರಕ್ಕೋ ಕಲಬುರಗಿಗೋ ಹೋದವರಿಗೆ ಕರ್ನಾಟಕದ ಪರಿಭಾಷೆ ಎದುರಾಗುತ್ತದೆ. ನಮ್ಮ ಕವಲು ಮುಖ್ಯ ಕವಲಿನಿಂದ ಏನನ್ನೂ ತರದಿದ್ದರೆ ನಮ್ಮ ಮಕ್ಕಳು ಅಲ್ಲಿ ಪರಕೀಯರಾಗುತ್ತಾರೆ. ತರುವುದನ್ನು ಮಾತ್ರ ಕಲಿತು ಒಪ್ಪಿಸುವುದನ್ನು ಕಲಿಯದಿದ್ದರೆ, ಅಜ್ಜಿಯ ಬಾಯಲ್ಲಿದ್ದ ಮಾತು ಅವಳೊಡನೆಯೇ ಮುಗಿಯುತ್ತದೆ. ದಿನವೂ ಫೆಚ್ ಮಾಡುತ್ತ ಒಮ್ಮೆಯೂ ಪುಶ್ ಮಾಡದ ಕವಲುಗಳನ್ನು ನಾನು ಬಹಳ ನೋಡಿದ್ದೇನೆ. ಯಂತ್ರ ಕೆಟ್ಟ ದಿನ ಅವು ಹೆಸರಿಲ್ಲದೆ ಹೋಗುತ್ತವೆ.

ಕಡೆಯದಾಗಿ ಮನೆ ಒಪ್ಪ ಮಾಡುವ ಕೆಲಸವೊಂದಿದೆ. ಮುಖ್ಯದಲ್ಲಿ ಸೇರಿಹೋದ ಕಿರುಕವಲುಗಳ ಹೆಸರುಗಳನ್ನು ಗಿಟ್ ಬ್ರಾಂಚ್ ಆಜ್ಞೆಗೆ ಸಣ್ಣ ಡಿ ಅಕ್ಷರದ ಸೂಚನೆಯನ್ನು ಕೊಟ್ಟು ತೆಗೆಯಬಹುದು. ಸೇರದೆ ಉಳಿದ ದಾಖಲೆಗಳಿದ್ದರೆ ಅದು ತೆಗೆಯಲು ಒಪ್ಪುವುದಿಲ್ಲ. ದೊಡ್ಡ ಡಿ ಅಕ್ಷರ ಕೇಳದೆಯೇ ತೆಗೆಯುತ್ತದೆ. ಅದನ್ನು ಒತ್ತುವ ಮೊದಲು ಎರಡು ಬಾರಿ ಯೋಚಿಸಬೇಕು. ಭಂಡಾರದಲ್ಲಿ ಇತರರು ತೆಗೆದುಹಾಕಿದ ಕವಲುಗಳ ನೆನಪು ನಮ್ಮಲ್ಲಿ ಉಳಿದಿದ್ದರೆ ಫೆಚ್ ಮಾಡುವಾಗ ಪ್ರೂನ್ ಎಂದು ಸೇರಿಸಿದರೆ ಅದೂ ಅಳಿಯುತ್ತದೆ. ತಪ್ಪಿ ಏನಾದರೂ ಕಳೆದುಹೋಯಿತೆನ್ನಿಸಿದರೆ ಗಿಟ್ ರಿಫ್ಲಾಗ್ ಎಂಬ ಆಜ್ಞೆಯನ್ನು ನೆನೆಯಬೇಕು. ನಮ್ಮ ಯಂತ್ರದಲ್ಲಿ ಕವಲುಗಳ ತುದಿ ಎಲ್ಲೆಲ್ಲಿ ಇತ್ತೆಂಬುದರ ದಿನಚರಿ ಅದು. ಯಾವ ಕವಲಿಗೂ ಸೇರದೆ ಬಿದ್ದ ದಾಖಲೆಯ ಜಾಡನ್ನು ಸಾಮಾನ್ಯವಾಗಿ 30 ದಿನಗಳವರೆಗೆ ಅದು ಇಟ್ಟುಕೊಂಡಿರುತ್ತದೆ. ಆದುದರಿಂದ ಹುಡುಕುವುದಿದ್ದರೆ ಆ ಅವಧಿಯೊಳಗೇ ಹುಡುಕಬೇಕು.